ಪ್ಲಿಮತ್‌ನ ಸ್ಮೀಟನ್ ಗೋಪುರವನ್ನು ಬುಡದಿಂದ ನೋಡುವ ಕ್ರಮ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಂಜೆಯವರೆಗೆ ಏನು ಮಾಡುವುದೆಂದು ತಿಳಿಯದೆ ಕಿಟಕಿಯ ಬಳಿ ಕುಳಿತಿರುವ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲಂಡನ್ನಿನ ಗಡಿಯಾರ, ಅರಮನೆ, ಸೇತುವೆಗಳನ್ನು ಮಕ್ಕಳೇ ತೋರಿಸುತ್ತಾರೆ. ನೈಋತ್ಯ ಮೂಲೆಯ ಪ್ಲಿಮತ್‌ಗೆ ಕರೆದುಕೊಂಡು ಹೋಗಿ ಎಂದು ನೀವೇ ಕೇಳಬೇಕು. ಅಲ್ಲಿ ಹೋ ಎಂಬ ಗುಡ್ಡದ ಮೇಲಿನ ಹುಲ್ಲುಹಾಸಿನಲ್ಲಿ ಕೆಂಪು ಬಿಳಿ ಪಟ್ಟೆಗಳ ಒಂದು ಹಳೆಯ ದೀಪಸ್ತಂಭ ನಿಂತಿದೆ. ಹೆಸರು ಸ್ಮೀಟನ್ ಗೋಪುರ.

ನಾನು ನೀರಾವರಿ ಇಲಾಖೆಯಲ್ಲಿ ನಾಲೆ, ತೂಬು, ಮೇಲ್ಗಾಲುವೆಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ಮಗಳು ಆ ಊರಿನಲ್ಲಿ ನರ್ಸ್ ಆಗಿರುವುದರಿಂದ ಗೋಪುರ ನನಗೆ ವಾಯುವಿಹಾರದ ದಾರಿಯಲ್ಲೇ ಸಿಗುತ್ತದೆ. ಬರುವವರನ್ನು ಗಮನಿಸಿದ್ದೇನೆ. ಟಿಕೆಟ್ ಕೊಳ್ಳುತ್ತಾರೆ, ಏದುಸಿರು ಬಿಡುತ್ತ ಮೇಲೆ ಹತ್ತುತ್ತಾರೆ, ಸಮುದ್ರದ ಫೋಟೊ ತೆಗೆದುಕೊಂಡು ಇಳಿದು ಐಸ್‌ಕ್ರೀಮ್ ಅಂಗಡಿಗೆ ಹೋಗುತ್ತಾರೆ. ಮೇಲಿನಿಂದ ಕಾಣುವ ನೋಟ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನೋಟಕ್ಕಾಗಿ ಗೋಪುರವೇ ಬೇಕಿಲ್ಲ, ಗುಡ್ಡ ಸಾಕು. ಈ ಕಟ್ಟಡದ ಹಿರಿಮೆ ಇರುವುದು ಕಲ್ಲು ಕಲ್ಲಿಗೆ ಕಚ್ಚಿಕೊಂಡಿರುವ ಬಗೆಯಲ್ಲಿ ಮತ್ತು ಅವುಗಳ ನಡುವಿನ ಗಾರೆಯಲ್ಲಿ. ಎರಡೂ ಕಣ್ಣಿಗೆ ಬೀಳುವಂಥವಲ್ಲ. ಅದಕ್ಕಾಗಿ ಸ್ವಲ್ಪ ತಯಾರಿ ಬೇಕು. ತಯಾರಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಹೋಗುವ ಮುನ್ನ ತಿಳಿದಿರಬೇಕಾದ ಕಥೆ

ಮೊದಲನೆಯದಾಗಿ, ಈ ಗೋಪುರ ಹುಟ್ಟಿದ್ದು ಈ ಗುಡ್ಡದ ಮೇಲಲ್ಲ. ಪ್ಲಿಮತ್ ಬಂದರಿನಿಂದ ನೈಋತ್ಯಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿ, ನಡುಗಡಲಿನಲ್ಲಿ, ಎಡ್ಡಿಸ್ಟೋನ್ ಎಂಬ ಬಂಡೆಗಳ ಸಾಲಿದೆ. ಭರತದ ಸಮಯದಲ್ಲಿ ಹೆಚ್ಚಿನ ಭಾಗ ನೀರಿನಡಿ ಮುಳುಗಿರುತ್ತದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಹಡಗುಗಳ ದಾರಿಗೆ ಸರಿಯಾಗಿ ಅಡ್ಡವಾಗಿ ಕೂತಿರುವ ಬಂಡೆಗಳಿವು. ಅವುಗಳ ಮೇಲೆ ಈವರೆಗೆ ನಾಲ್ಕು ದೀಪಸ್ತಂಭಗಳು ಎದ್ದಿವೆ. ನಮ್ಮದು ಮೂರನೆಯದು.

ಮೊದಲನೆಯದನ್ನು ಕಟ್ಟಿದವನು ಹೆನ್ರಿ ವಿನ್‌ಸ್ಟನ್ಲಿ. ವ್ಯಾಪಾರದಲ್ಲಿ ಹಣ ಹೂಡಿ, ಹಡಗುಗಳನ್ನು ಇದೇ ಬಂಡೆಗಳಿಗೆ ಕಳೆದುಕೊಂಡಿದ್ದ ಮನುಷ್ಯ. ಆಗ ಫ್ರಾನ್ಸಿನ ಜೊತೆ ಯುದ್ಧ ನಡೆಯುತ್ತಿತ್ತು. ಕೆಲಸದ ನಡುವೆಯೇ 1697ರಲ್ಲಿ ಫ್ರೆಂಚ್ ಹಡಗೊಂದು ಅವನನ್ನು ಸೆರೆಹಿಡಿದುಕೊಂಡು ಹೋಯಿತು. ತನ್ನ ಹಗೆ ಇಂಗ್ಲೆಂಡಿನ ಮೇಲೆಯೇ ಹೊರತು ಮನುಷ್ಯಕುಲದ ಮೇಲಲ್ಲ ಎಂದು ಹದಿನಾಲ್ಕನೆಯ ಲೂಯಿ ದೊರೆ ಅವನನ್ನು ಬಿಡಿಸಿದನೆಂದು ಹೇಳುತ್ತಾರೆ. 1698ರಲ್ಲಿ ದೀಪ ಹತ್ತಿತು. ಮರದ, ಬಹುಕೋನದ, ಮೇಲೆಲ್ಲ ಅಲಂಕಾರ ತುಂಬಿದ್ದ ಗೋಪುರ. ಹಳೆಯ ಚಿತ್ರದಲ್ಲಿ ನೋಡಿದರೆ ನಡುಗಡಲಿನಲ್ಲಿ ಜಾತ್ರೆಯ ತೇರನ್ನು ನಿಲ್ಲಿಸಿದಂತೆ ಕಾಣುತ್ತದೆ. ಎಂಥ ಬಿರುಗಾಳಿ ಬಂದರೂ ತಾನು ಅದರೊಳಗೇ ಇರಬೇಕೆಂದು ವಿನ್‌ಸ್ಟನ್ಲಿ ಹೇಳುತ್ತಿದ್ದನಂತೆ. 1703ರ ನವೆಂಬರಿನಲ್ಲಿ ಇಂಗ್ಲೆಂಡ್ ಕಂಡ ಅತಿ ಭೀಕರ ಬಿರುಗಾಳಿ ಬೀಸಿದ ರಾತ್ರಿ ಅವನು ಅಲ್ಲೇ ಇದ್ದ. ಬೆಳಗಾದಾಗ ಗೋಪುರವೂ ಇರಲಿಲ್ಲ, ಅವನೂ ಇರಲಿಲ್ಲ.

ಎರಡನೆಯದನ್ನು ಕಟ್ಟಿದವನು ರೇಷ್ಮೆ ವ್ಯಾಪಾರಿ ಜಾನ್ ರಡ್ಯರ್ಡ್. ಅಲಂಕಾರವನ್ನೆಲ್ಲ ಬಿಟ್ಟು, ಹಡಗು ಕಟ್ಟುವವರ ವಿದ್ಯೆಯನ್ನು ಬಳಸಿ, ಮೇಲಕ್ಕೆ ಹೋದಂತೆ ಕಿರಿದಾಗುವ ನುಣುಪಾದ ಮರದ ಗೋಪುರವನ್ನು ಎಬ್ಬಿಸಿದ. ಒಳಗೆ ಭಾರಕ್ಕಾಗಿ ಕಲ್ಲು ತುಂಬಿಸಿದ. ಅಲೆಗೆ ಅದು ಜಗ್ಗಲಿಲ್ಲ, ಸುಮಾರು ಅರ್ಧ ಶತಮಾನ ನಿಂತಿತು. 1755ರ ಡಿಸೆಂಬರಿನಲ್ಲಿ ದೀಪದ ಕೋಣೆಗೆ ಬೆಂಕಿ ಹತ್ತಿ ಮೇಲಿನಿಂದ ಕೆಳಗಿನವರೆಗೂ ಉರಿದುಹೋಯಿತು. ಕಾವಲುಗಾರ ಹೆನ್ರಿ ಹಾಲ್‌ಗೆ ಆಗ 94 ವಯಸ್ಸೆಂದು ದಾಖಲೆಗಳು ಹೇಳುತ್ತವೆ. ತಲೆಯೆತ್ತಿ ನೀರು ಎರಚುತ್ತಿದ್ದವನ ತೆರೆದ ಬಾಯಿಗೆ ಚಾವಣಿಯ ಕರಗಿದ ಸೀಸ ಬಿತ್ತು. ಸೀಸ ನುಂಗಿದ್ದೇನೆ ಎಂದು ಅವನು ಹೇಳಿದಾಗ ಯಾರೂ ನಂಬಲಿಲ್ಲ. ಕೆಲವು ದಿನಗಳ ನಂತರ ಸತ್ತ ಮೇಲೆ ಅವನ ಹೊಟ್ಟೆಯಲ್ಲಿ ಸುಮಾರು 200 ಗ್ರಾಂ ತೂಕದ ಸೀಸದ ಬಿಲ್ಲೆ ಸಿಕ್ಕಿತು. ಅದು ಇಂದಿಗೂ ಎಡಿನ್‌ಬರೋದ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆಯನ್ನು ಊಟದ ಹೊತ್ತಿನಲ್ಲಿ ಮೊಮ್ಮಕ್ಕಳಿಗೆ ಹೇಳಬೇಡಿ.

ಮರದ ಒಂದು ಗೋಪುರವನ್ನು ಗಾಳಿ ಒಯ್ದಿತ್ತು, ಇನ್ನೊಂದನ್ನು ಬೆಂಕಿ ತಿಂದಿತ್ತು. ಮೂರನೆಯದಕ್ಕೆ ಯಾರು ತಕ್ಕವರು ಎಂದು ಕೇಳಿದಾಗ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರು ಸೂಚಿಸಿದ್ದು ಜಾನ್ ಸ್ಮೀಟನ್‌ನನ್ನು. ಲೀಡ್ಸ್ ಬಳಿಯ ಹುಡುಗ, ವೃತ್ತಿಯಿಂದ ವೈಜ್ಞಾನಿಕ ಉಪಕರಣಗಳ ತಯಾರಕ, ವಯಸ್ಸು ಮೂವತ್ತರ ಆಸುಪಾಸು. ಸಮುದ್ರದಲ್ಲಿ ಒಂದು ಕಲ್ಲನ್ನೂ ಇಟ್ಟು ಗೊತ್ತಿಲ್ಲದವನು. ಇಂದಿನ ಟೆಂಡರ್ ನಿಯಮಗಳಲ್ಲಿ ಅವನ ಅರ್ಜಿ ಮೊದಲ ಮೇಜನ್ನೂ ದಾಟುತ್ತಿರಲಿಲ್ಲ. ಪೂರ್ತಿ ಕಲ್ಲಿನಲ್ಲೇ ಕಟ್ಟುತ್ತೇನೆ ಎಂದು ಅವನು ಹಟ ಹಿಡಿದ. 1757ರ ಜೂನ್ 12ರಂದು ಮೊದಲ ಕಲ್ಲು ಕೂತಿತು, 1759ರ ಅಕ್ಟೋಬರ್ 16ರಂದು ದೀಪ ಹತ್ತಿತು. ಎತ್ತರ 72 ಅಡಿ, ಬುಡದ ವ್ಯಾಸ 26 ಅಡಿ. ವರ್ಷದಲ್ಲಿ ಕೆಲವೇ ತಿಂಗಳು, ಅದರಲ್ಲೂ ದಿನಕ್ಕೆ ಕೆಲವೇ ಗಂಟೆ ಕೆಲಸಕ್ಕೆ ಸಿಗುವ ಜಾಗದಲ್ಲಿ ಈ ವೇಗ! ನಮ್ಮ ಕಡೆ ಒಂದು ಮೋರಿಗೆ ಹಿಡಿಯುವ ಕಾಲವನ್ನು ಇಲ್ಲಿ ನಾನು ಎತ್ತುವುದಿಲ್ಲ.

ಮನೆಯಲ್ಲಿ ಮಾಡಬೇಕಾದ ಮೊದಲ ಪಾಠ: ಗಾರೆಯ ಉಂಡೆ

ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಅದು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ದಿನಕ್ಕೆ ಎರಡು ಸಲ ಸಮುದ್ರ ಬಂದು ತೊಳೆಯುವ ಕಡೆ ಅದಕ್ಕೆ ಗಾಳಿ ಎಲ್ಲಿ, ಸಮಯ ಎಲ್ಲಿ? ನೀರಿನೊಳಗೇ ಗಟ್ಟಿಯಾಗುವ ಗಾರೆ ಬೇಕಿತ್ತು.

ಸ್ಮೀಟನ್ ಮಾಡಿದ ಪರೀಕ್ಷೆ ಬಹಳ ಸರಳ. ಬೇರೆ ಬೇರೆ ಊರಿನ ಸುಣ್ಣವನ್ನು ಕಲಸಿ, ಸುಮಾರು ಎರಡು ಅಂಗುಲದ ಉಂಡೆ ಕಟ್ಟಿ ನೀರಿನಲ್ಲಿ ಹಾಕಿ ನೋಡಿದ. ಯಾವುದು ಉಳಿಯಿತು, ಯಾವುದು ಕರಗಿತು ಎಂದು ಬರೆದಿಟ್ಟ. ಪ್ಲಿಮತ್‌ನಲ್ಲಿ ಔಷಧ ವ್ಯಾಪಾರಿಯೂ ರಸಾಯನ ಬಲ್ಲವನೂ ಆಗಿದ್ದ ವಿಲಿಯಂ ಕುಕ್‌ವರ್ದಿ ಅವನಿಗೆ ಜೊತೆಯಾದ. ಸುಣ್ಣದ ಕಲ್ಲನ್ನು ಆಮ್ಲದಲ್ಲಿ ಕರಗಿಸಿ, ತಳದಲ್ಲಿ ಏನು ಉಳಿಯುತ್ತದೆ ಎಂದು ನೋಡುವುದನ್ನು ಕಲಿಸಿಕೊಟ್ಟವನು ಅವನೇ. ನೀರಿನಲ್ಲಿ ಗಟ್ಟಿಯಾಗುವ ಸುಣ್ಣಗಳೆಲ್ಲ ತಳದಲ್ಲಿ ಜೇಡಿಮಣ್ಣು ಉಳಿಸುತ್ತಿದ್ದವು. ಶುದ್ಧ ಬಿಳಿ ಸುಣ್ಣವೇ ಶ್ರೇಷ್ಠ ಎಂದು ರೋಮನ್ನರ ಕಾಲದಿಂದ ನಂಬಿಕೊಂಡು ಬಂದಿದ್ದರು. ಮಣ್ಣು ಬೆರೆತ ಕಲ್ಲೇ ನೀರಿನ ಕೆಲಸಕ್ಕೆ ಬೇಕು ಎಂದು ಇವನು ತೋರಿಸಿದ. ವೇಲ್ಸ್‌ನ ಅಬರ್ಥಾ ಎಂಬಲ್ಲಿನ ನೀಲಿ ಛಾಯೆಯ ಸುಣ್ಣದ ಕಲ್ಲನ್ನು ಆರಿಸಿಕೊಂಡು, ಅದಕ್ಕೆ ಸಮಪಾಲು ಇಟಲಿಯ ಜ್ವಾಲಾಮುಖಿ ಬೂದಿಯನ್ನು ಬೆರೆಸಿದ. ಆ ಬೂದಿ ಸಿಕ್ಕಿದ ಬಗೆ ನನಗೆ ಬಹಳ ಇಷ್ಟ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಮಾರೋಣವೆಂದು ವ್ಯಾಪಾರಿಯೊಬ್ಬ ತರಿಸಿದ್ದ ಮಾಲು ಖರ್ಚಾಗದೆ ಪ್ಲಿಮತ್‌ನಲ್ಲೇ ಬಿದ್ದಿತ್ತು. ಸ್ಟೋರ್ ಸಾಮಾನಿನ ಮೇಲೆ ಕಣ್ಣಿಡದ ಎಂಜಿನಿಯರ್ ಎಂಜಿನಿಯರೇ ಅಲ್ಲ.

ನಮ್ಮ ಕಡೆಯವರಿಗೆ ಇದು ಹೊಸ ಸಂಗತಿಯಲ್ಲ. ಇಟಲಿಯ ಬೂದಿ ಮಾಡುವ ಕೆಲಸವನ್ನು ನಮ್ಮಲ್ಲಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಮಾಡುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆಯೇ, ಸಿಮೆಂಟಿನ ಮೇಲಲ್ಲ. ವಿಶ್ವೇಶ್ವರಯ್ಯನವರ ಹೆಸರು ಹೇಳುವವರೆಲ್ಲ ಆ ಇಟ್ಟಿಗೆ ಪುಡಿಯ ಹೆಸರನ್ನೂ ಒಮ್ಮೆ ಹೇಳಬೇಕೆಂಬುದು ನನ್ನ ಹಳೆಯ ತಕರಾರು.

ಈಗ ನೀವು ಮಾಡಬೇಕಾದದ್ದು. ಊರಿನಲ್ಲಿದ್ದಾಗಲೇ ಮಾಡಿದರೆ ಸಾಮಾನು ಸುಲಭವಾಗಿ ಸಿಗುತ್ತದೆ. ಅರಳಿಸಿ ತಣಿದ ಸುಣ್ಣವನ್ನೇ ತೆಗೆದುಕೊಳ್ಳಿ. ನೀರು ಹಾಕಿದರೆ ಕುದಿಯುವ ಸುಟ್ಟ ಸುಣ್ಣದ ಸಹವಾಸ ಮಕ್ಕಳೊಂದಿಗೆ ಬೇಡ. ತಣಿದ ಸುಣ್ಣವೂ ಚರ್ಮ ಸುಡಬಲ್ಲದು, ಆದ್ದರಿಂದ ರಬ್ಬರ್ ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕವಿರಲಿ. ಹಳೆಯ ನಾಡ ಹೆಂಚನ್ನೋ ಒಡೆದ ಮಡಕೆಯನ್ನೋ ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಹಾಯಿಸಿ. ಕರಿದಾಗುವಷ್ಟು ಬೆಂದ ಇಟ್ಟಿಗೆ ಈ ಕೆಲಸಕ್ಕೆ ಬಾರದು, ಹದವಾಗಿ ಬೆಂದದ್ದು ಬೇಕು. ಒಂದು ಅಳತೆ ಸುಣ್ಣಕ್ಕೆ ಎರಡು ಅಳತೆ ಪುಡಿ ಹಾಕಿ, ನೀರು ಆದಷ್ಟು ಕಡಿಮೆ ಬಳಸಿ, ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಿ. ಬರೀ ಸುಣ್ಣ ಮತ್ತು ಮರಳಿನ ಇನ್ನೊಂದು ಉಂಡೆಯೂ ಇರಲಿ. ಎರಡನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ, ಗೋಣಿ ಒಣಗದಂತೆ ನೋಡಿಕೊಂಡು, ಎರಡು ಮೂರು ವಾರ ನೆರಳಿನಲ್ಲಿಡಿ. ಆಮೇಲೆ ಎರಡು ಲೋಟ ನೀರಿನಲ್ಲಿ ಬೇರೆ ಬೇರೆಯಾಗಿ ಮುಳುಗಿಸಿ. ಮರಳಿನದು ಬೆರಳಿಗೆ ಉದುರುತ್ತದೆ, ಸುರ್ಕಿಯದು ಉಳಿಯುತ್ತದೆ. ಅವಸರ ಮಾಡಿ ಮೂರನೆಯ ದಿನವೇ ಮುಳುಗಿಸಿದರೆ ಎರಡೂ ಕೆಸರಾಗುತ್ತವೆ. ಗಾರೆಯ ಕೆಲಸವೆಂದರೆ ಕಾಯುವ ಕೆಲಸ.

ಎರಡನೆಯ ಪಾಠ: ರಟ್ಟಿನ ವರಸೆ

ದಪ್ಪ ರಟ್ಟಿನ ಮೇಲೆ 26 ಸೆಂಟಿಮೀಟರ್ ವ್ಯಾಸದ ವೃತ್ತ ಬರೆಯಿರಿ. ಒಂದು ಸೆಂಟಿಮೀಟರಿಗೆ ಒಂದು ಅಡಿ ಎಂದುಕೊಂಡರೆ ಇದು ಗೋಪುರದ ಬುಡದ ಒಂದು ವರಸೆ, ಅಂದರೆ ಕಲ್ಲಿನ ಒಂದು ಪದರ. ನಡುವೆ ಒಂದು ಚೌಕ ಬರೆದು, ಅದರ ನಾಲ್ಕು ಬದಿಗೂ ಒಂದೊಂದು ಡವ್‌ಟೇಲ್ ಕಚ್ಚು ಕೊಡಿ. ಬಡಗಿಗಳು ಮೇಜಿನ ಡ್ರಾಯರಿನ ಮೂಲೆಗೆ ಹಾಕುತ್ತಾರಲ್ಲ, ಬುಡ ಕಿರಿದು ತುದಿ ಅಗಲ, ಅದೇ. ಆ ಕಚ್ಚುಗಳಿಗೆ ಹೊಂದುವಂತೆ ಸುತ್ತ ನಾಲ್ಕು ತುಂಡು, ಅವುಗಳಿಗೆ ಕಚ್ಚಿಕೊಳ್ಳುವಂತೆ ಹೊರಗೆ ಇನ್ನೊಂದು ಸುತ್ತು, ಅದರಾಚೆ ಮತ್ತೊಂದು. ಬರೆಯುವುದಕ್ಕೇ ಒಂದು ಮಧ್ಯಾಹ್ನ ಹಿಡಿಯುತ್ತದೆ. ಕತ್ತರಿಸುವುದನ್ನು ದೊಡ್ಡವರೇ ಮಾಡಲಿ. ಕತ್ತರಿಸಿ ಮತ್ತೆ ಜೋಡಿಸಿದ ಮೇಲೆ ಅಂಚಿನ ಒಂದು ತುಂಡನ್ನು ಹಿಡಿದು ಹೊರಕ್ಕೆ ಎಳೆಯಲು ಮೊಮ್ಮಗನಿಗೆ ಹೇಳಿ. ಬರುವುದಿಲ್ಲ. ಮೇಲಕ್ಕೆ ಎತ್ತಿದರೆ ಮಾತ್ರ ಬರುತ್ತದೆ.

ಹಾಗಾದರೆ ಅಲೆ ಕಲ್ಲನ್ನು ಮೇಲಕ್ಕೆ ಎತ್ತದೆ? ಈ ಪ್ರಶ್ನೆಯನ್ನು ಮಗುವೇ ಕೇಳಲಿ, ನೀವು ಕಾಯಿರಿ. ಕೇಳಿದರೆ ಉತ್ತರ ಹೀಗಿದೆ. ಒಂದು ವರಸೆಯ ಮೇಲೆ ಇನ್ನೊಂದು ವರಸೆ ಭಾರ ಹಾಕುತ್ತದೆ. ಎರಡರ ನಡುವೆ ಅಮೃತಶಿಲೆಯ ಗಟ್ಟಿಗಳನ್ನು ಅರ್ಧ ಕೆಳಗಿನ ಕಲ್ಲಿನಲ್ಲಿ, ಅರ್ಧ ಮೇಲಿನ ಕಲ್ಲಿನಲ್ಲಿ ಕೂರುವಂತೆ ಇಟ್ಟಿದ್ದಾರೆ. ಇದರಿಂದ ಒಂದರ ಮೇಲೊಂದು ಜಾರಲಾರದು. ಗಾರೆ ಹಸಿಯಾಗಿರುವಾಗ ಅಲೆ ಕೀಳದಂತೆ ಓಕ್ ಮರದ ಗೂಟಗಳನ್ನು ಮೇಲಿನ ಕಲ್ಲಿನ ಮೂಲಕ ಕೆಳಗಿನದಕ್ಕೆ ಹೊಡೆದಿದ್ದಾರೆ. ಗಾರೆ ಕಚ್ಚಿದ ಮೇಲೆ ಗೂಟದ ಕೆಲಸ ಮುಗಿಯಿತು. ನಿಜವಾದ ಬಂಡೆ ಇಳಿಜಾರಾಗಿತ್ತು. ಅದನ್ನು ಮೆಟ್ಟಿಲುಗಳಂತೆ ಕಡಿದು, ಬಂಡೆಯಲ್ಲೇ ಕಚ್ಚು ತೆಗೆದು, ಮೊದಲ ಕಲ್ಲುಗಳನ್ನು ಬಂಡೆಗೇ ಸಿಕ್ಕಿಸಿದರು. ಮೊದಲ ವರಸೆಯಲ್ಲಿ ನಾಲ್ಕೇ ಕಲ್ಲುಗಳಿದ್ದವು. ಏಳನೆಯ ವರಸೆಗೆ ಬಂದಾಗ ಮೊದಲ ಬಾರಿಗೆ ಪೂರ್ತಿ ವೃತ್ತ ಸಿಕ್ಕಿತು.

ಕಲ್ಲುಗಳನ್ನು ಕಡಿದದ್ದು ಪ್ಲಿಮತ್‌ನ ಮಿಲ್‌ಬೇ ಎಂಬಲ್ಲಿನ ಅಂಗಳದಲ್ಲಿ. ಪ್ರತಿ ವರಸೆಯನ್ನೂ ದಡದಲ್ಲೇ ಜೋಡಿಸಿ ನೋಡಿ, ಗುರುತು ಹಾಕಿ, ಆಮೇಲೆ ದೋಣಿಗೆ ಏರಿಸುತ್ತಿದ್ದರು. ಹೊರಗೆ ಗ್ರಾನೈಟ್, ಒಳಗೆ ಕಡಿಯಲು ಸುಲಭವಾದ ಪೋರ್ಟ್‌ಲ್ಯಾಂಡ್ ಕಲ್ಲು. ಕೆಲಸಗಾರರು ಎರಡು ತಂಡಗಳಾಗಿ ಸರದಿಯ ಮೇಲೆ ಬಂಡೆಗೆ ಹೋಗುತ್ತಿದ್ದರು. ಆ ಕಾಲದಲ್ಲಿ ನೌಕಾಪಡೆಯವರು ಬಂದರಿನ ಗಂಡಸರನ್ನು ಬಲವಂತವಾಗಿ ಹಿಡಿದು ಹಡಗಿಗೆ ಹಾಕುತ್ತಿದ್ದರು. ಅದರಿಂದ ಉಳಿಸಲು ಇವರಿಗೆ ಗುರುತಿನ ಬಿಲ್ಲೆ ಕೊಡಿಸಲಾಗಿತ್ತು. ಕೂಲಿಯವರ ಕಷ್ಟವನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿಕೊಂಡ ಕಾಮಗಾರಿ ಇದು. ಸ್ಮೀಟನ್ ನನಗೆ ಹಿಡಿಸುವುದು ಈ ಕಾರಣಕ್ಕೂ ಹೌದು.

ಗುಡ್ಡದ ಮೇಲೆ: ಮೊದಲು ಗೋಪುರಕ್ಕೆ ಬೆನ್ನು ಹಾಕಿ

ಹೋ ಗುಡ್ಡಕ್ಕೆ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಆಕಾಶ ತೊಳೆದಂತಿರುವ ದಿನ ಆರಿಸಿಕೊಳ್ಳಿ, ಅಂಥ ದಿನ ಸಿಕ್ಕಿದರೆ ಬೇರೆ ಕೆಲಸ ಮುಂದಕ್ಕೆ ಹಾಕಿ. ಜೊತೆಗೆ ಒಂದು ಬೈನಾಕ್ಯುಲರ್ ಇರಲೇಬೇಕು. ಗೋಪುರ ಒಳಗಿನಿಂದ ನೋಡಲು ತೆರೆದಿದೆಯೇ ಎಂಬುದನ್ನು ಹೊರಡುವ ಮುನ್ನ ಮಕ್ಕಳಿಂದ ಮೊಬೈಲಿನಲ್ಲಿ ನೋಡಿಸಿಕೊಳ್ಳಿ.

ಗೋಪುರದ ಬಳಿ ತಲುಪಿದ ಕೂಡಲೇ ಅದಕ್ಕೆ ಬೆನ್ನು ಹಾಕಿ ಸಮುದ್ರದತ್ತ ತಿರುಗಿ. ಹತ್ತಿರದಲ್ಲೇ ಬಂದರಿನ ಅಲೆತಡೆಗೋಡೆ ಅಡ್ಡಲಾಗಿ ಮಲಗಿದೆ. ಅದರ ಪಶ್ಚಿಮದ ತುದಿಯಲ್ಲೊಂದು ಚಿಕ್ಕ ದೀಪಸ್ತಂಭವಿದೆ. ಅದನ್ನೇ ಎಡ್ಡಿಸ್ಟೋನ್ ಎಂದುಕೊಂಡು ತೃಪ್ತರಾಗಬೇಡಿ. ಅದರಾಚೆ, ದಿಗಂತದ ಗೆರೆಯ ಮೇಲೆ ಹುಡುಕಿ. ಸೂಜಿಯಂತೆ ಒಂದು ಕಡ್ಡಿ ಕಾಣುತ್ತದೆ. ಅದು ನಾಲ್ಕನೆಯ ಗೋಪುರ, ಜೇಮ್ಸ್ ಡಗ್ಲಸ್ ಕಟ್ಟಿದ್ದು, 1882ರ ಮೇ 18ರಂದು ಬೆಳಗಿದ್ದು, 49 ಮೀಟರ್ ಎತ್ತರದ್ದು. ಬೈನಾಕ್ಯುಲರನ್ನು ಕೈ ನಡುಗದಂತೆ ಕಂಬಿಗೆ ಆನಿಸಿ ನೋಡಿದರೆ ಅದರ ಪಕ್ಕದಲ್ಲಿ ಒಂದು ಮೋಟು ಕಾಣುತ್ತದೆ. ಈ ಲೇಖನದಲ್ಲಿ ನಿಮಗೆ ತೋರಿಸಬೇಕೆಂದಿರುವ ಮುಖ್ಯ ವಸ್ತು ಆ ಮೋಟೇ. ಸ್ಮೀಟನ್ ಕಟ್ಟಿದ ಗಟ್ಟಿ ಬುಡ ಅದು, ರಟ್ಟಿನಲ್ಲಿ ನೀವು ಕತ್ತರಿಸಿದ ವರಸೆಗಳು ಇರುವ ಜಾಗ. 1757ರಿಂದ ಅದು ಅಲ್ಲೇ ಇದೆ.

ಅಷ್ಟು ದೂರದ್ದು ಕಾಣುವುದು ಹೇಗೆ ಎಂದು ಅನುಮಾನವಿದ್ದವರಿಗೆ ಒಂದು ಲೆಕ್ಕ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.86ರಿಂದ ಗುಣಿಸಿದರೆ ಆ ಎತ್ತರದಿಂದ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂಬುದು ಬರುತ್ತದೆ. ಡಗ್ಲಸ್ ಗೋಪುರಕ್ಕೆ 49ರ ವರ್ಗಮೂಲ 7, ಅಂದರೆ 27 ಕಿಲೋಮೀಟರ್. ನಿಮ್ಮ ಕಣ್ಣಿನ ಎತ್ತರಕ್ಕೂ ಹೀಗೇ ಲೆಕ್ಕ ಹಾಕಿ ಕೂಡಿಸಿ. ಭೂಮಿ ದುಂಡಗಿರುವುದು ಇಲ್ಲಿ ಅಡ್ಡಿಯಾಗದು, ಮಂಜು ಆಗುತ್ತದೆ. ಸ್ಮೀಟನ್ ಕೂಡ ಬಿರುಗಾಳಿ ಕಳೆದ ಬೆಳಗ್ಗೆ ಈ ಗುಡ್ಡಕ್ಕೆ ಬಂದು ದೂರದರ್ಶಕ ಹಿಡಿದು ತನ್ನ ಕಟ್ಟಡ ಉಳಿದಿದೆಯೇ ಎಂದು ನೋಡುತ್ತಿದ್ದ. ಒಮ್ಮೊಮ್ಮೆ ಅಲೆ ಒಡೆದು ಬಿಳಿಯ ಕಂಬದಂತೆ ಮೇಲೆದ್ದಾಗ ಗೋಪುರವೇ ಮರೆಯಾಗುತ್ತಿತ್ತು.

ಈಗ ತಿರುಗಿ ಗೋಪುರದ ಬುಡ ನೋಡಿ. ಜನ ಒರಗಿ ಫೋಟೊ ತೆಗೆಸಿಕೊಳ್ಳುವ ಈ ಬುಡ ಸ್ಮೀಟನ್‌ನದಲ್ಲ. 1877ರ ಹೊತ್ತಿಗೆ ದೊಡ್ಡ ಅಲೆ ಬಡಿದಾಗ ಗೋಪುರ ನಡುಗುತ್ತಿರುವುದು ಗಮನಕ್ಕೆ ಬಂತು. ಹುಡುಕಿದರೆ ಗೋಪುರದಲ್ಲಿ ದೋಷವಿರಲಿಲ್ಲ. ಅದರ ಕೆಳಗಿನ ಬಂಡೆಯನ್ನೇ ಸಮುದ್ರ ಕೊರೆದಿತ್ತು. ಕಟ್ಟಿದವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಪತ್ರ ಯಾವುದಿದೆ? ಪಕ್ಕದ ಬಂಡೆಯ ಮೇಲೆ ಹೊಸದನ್ನು ಕಟ್ಟಿದ ಮೇಲೆ, ಪ್ಲಿಮತ್‌ನ ಜನ ಚಂದಾ ಎತ್ತಿ, ಹಳೆಯ ಗೋಪುರದ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು, ಇಲ್ಲಿ ಹೊಸ ಬುಡ ಕಟ್ಟಿ, ಅದರ ಮೇಲೆ ಕೂರಿಸಿದರು. 1884ರ ಸೆಪ್ಟೆಂಬರಿನಲ್ಲಿ ಜನರಿಗೆ ತೆರೆದರು. ಬಾಗಿಲಿನಿಂದ ಮೇಲಕ್ಕೆ ಕೋಣೆಗಳಿರುವ ಭಾಗವೆಲ್ಲ ಸ್ಮೀಟನ್‌ನದು.

ಆಕಾರವನ್ನು ಸ್ವಲ್ಪ ದೂರ ನಿಂತು ನೋಡಿ. ಬುಡದಲ್ಲಿ ಅಗಲವಾಗಿ ಹರಡಿ, ಒಳಕ್ಕೆ ಬಾಗಿ ಮೇಲಕ್ಕೆ ಏರುತ್ತದೆ. ಓಕ್ ಮರದ ಬೊಡ್ಡೆಯಿಂದ ಈ ಆಕಾರ ಹೊಳೆಯಿತು ಎಂದು ಸ್ಮೀಟನ್ ತಾನೇ ಬರೆದುಕೊಂಡಿದ್ದಾನೆ. ಎಲ್ಲ ಫಲಕಗಳೂ ಇದನ್ನೇ ಹೇಳುತ್ತವೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಮರ ನಿಲ್ಲುವುದು ಬೇರಿನಿಂದ, ಬಾಗುವುದರಿಂದ. ಈ ಗೋಪುರ ನಿಂತದ್ದು ಸುಮಾರು ಸಾವಿರ ಟನ್ ಭಾರದಿಂದ, ಆ ಭಾರದ ಹೆಚ್ಚಿನ ಪಾಲು ಕೆಳಗೇ ಇದ್ದದ್ದರಿಂದ. ಅಷ್ಟೇ ಅಲ್ಲ, ಬಾಗಿದ ಬುಡದ ಮೇಲೆ ಅಲೆ ಸಲೀಸಾಗಿ ಹತ್ತಿ ದೀಪದವರೆಗೂ ಹೋಗುತ್ತಿತ್ತು. ಅದಕ್ಕೇ ಡಗ್ಲಸ್ ತನ್ನ ಗೋಪುರದ ಬುಡವನ್ನು ನೇರ ಗೋಡೆಯ ದುಂಡು ಕಟ್ಟೆಯಾಗಿ ಮಾಡಿದ. ಅಲೆ ಅಲ್ಲೇ ಒಡೆದು ಹೋಗಲಿ ಎಂದು. ಬೈನಾಕ್ಯುಲರಿನಲ್ಲಿ ಆ ಕಟ್ಟೆಯೂ ಕಾಣುತ್ತದೆ. ಭಾರವನ್ನು 4,600 ಟನ್ನಿಗೂ ಮೇಲೆ ಒಯ್ದ. ಆದರೂ ಸ್ಮೀಟನ್ ನಂತರ ಸ್ಕಾಟ್ಲೆಂಡಿನ ಬೆಲ್ ರಾಕ್ ಸೇರಿದಂತೆ ಸಮುದ್ರದ ಬಂಡೆಗಳ ಮೇಲೆ ಎದ್ದ ಕಲ್ಲಿನ ಗೋಪುರಗಳೆಲ್ಲ ಸ್ಮೀಟನ್ ಹಾಕಿದ ದಾರಿಯಲ್ಲೇ ನಡೆದವು.

ಹತ್ತುವಾಗ

ಒಳಗೆ 93 ಮೆಟ್ಟಿಲುಗಳಿವೆ. ಎಣಿಕೆಗೆ ಕಡಿಮೆ ಎನ್ನಿಸಬಹುದು. ಆದರೆ ಅವುಗಳಲ್ಲಿ ಒಂದಷ್ಟು ಕಡಿದಾದ ಏಣಿಗಳು, ಒಂದು ಕೋಣೆಯ ನೆಲದ ಕಿಂಡಿಯಿಂದ ಮುಂದಿನ ಕೋಣೆಗೆ ತಲೆ ತೂರಿಸಬೇಕು. ಮಂಡಿನೋವಿದ್ದವರು ಹಟ ಮಾಡಬೇಡಿ. ಸೀರೆಯಲ್ಲಿ ಹತ್ತಬಹುದೇ ಎಂದು ನನ್ನ ಹೆಂಡತಿಯನ್ನು ಕೇಳಿದವರಿಗೆ ಅವಳು ಕೊಡುವ ಉತ್ತರ ಹೀಗಿದೆ: ಹತ್ತಬಹುದು, ಇಳಿಯುವಾಗ ಹಿಂದಿರುವವರು ನಿಮ್ಮ ಸೆರಗು ತುಳಿಯುತ್ತಾರೆ, ಸಲ್ವಾರ್ ಹಾಕಿಕೊಂಡು ಹೋಗಿ. ಚೀಲವನ್ನು ಕೆಳಗೆ ಯಾರಿಗಾದರೂ ಕೊಟ್ಟು ಎರಡೂ ಕೈ ಬಿಡುವಾಗಿಟ್ಟುಕೊಳ್ಳಿ. ಇಳಿಯುವಾಗ ಏಣಿಗೆ ಮುಖ ಮಾಡಿ ಇಳಿಯಿರಿ.

ಕೆಳಗಿನಿಂದ ಮೇಲಕ್ಕೆ ಎರಡು ಉಗ್ರಾಣ, ಅಡುಗೆ ಕೋಣೆ, ಮಲಗುವ ಕೋಣೆ, ಕೊನೆಗೆ ದೀಪದ ಕೋಣೆ. ಪ್ರತಿ ಕೋಣೆಯಲ್ಲೂ ನಿಂತು ತಲೆಯೆತ್ತಿ ಚಾವಣಿ ನೋಡಿ. ತೊಲೆಯಿಲ್ಲ, ಕಮಾನಿನಂತೆ ಉಬ್ಬಿದ ಕಲ್ಲಿನ ಚಾವಣಿ. ಕಮಾನು ಯಾವಾಗಲೂ ಬದಿಯ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಆ ಒತ್ತಡ ತಡೆಯಲು ಸ್ಮೀಟನ್ ಗೋಡೆಯೊಳಗೆ ಗಾಡಿಯ ಗಾಲಿಗೆ ಪಟ್ಟಿ ಹಾಕುವಂತೆ ಸುತ್ತಲೂ ಕಬ್ಬಿಣದ ಸರಪಳಿ ಹಾಕಿ, ಸುತ್ತ ಕರಗಿದ ಸೀಸ ಹೊಯ್ದು ಮುಚ್ಚಿದ. ಅದು ನಿಮಗೆ ಕಾಣುವುದಿಲ್ಲ. ಚಾವಣಿ ಗೋಡೆಗೆ ಸೇರುವ ಸುತ್ತನ್ನು ನೋಡಿ, ಅದರ ಹಿಂದೆ ಸರಪಳಿ ಇದೆ ಎಂದು ತಿಳಿದುಕೊಳ್ಳಿ, ಸಾಕು. ಉಗ್ರಾಣದ ಗೋಡೆಯ ಮೇಲಿನ ಸುತ್ತಿನಲ್ಲಿ ಬೈಬಲಿನ ಸಾಲೊಂದನ್ನು ಕೆತ್ತಿದ್ದಾರೆ. ದೇವರು ಮನೆ ಕಟ್ಟದಿದ್ದರೆ ಕಟ್ಟುವವರ ಶ್ರಮ ವ್ಯರ್ಥ ಎಂಬ ಅರ್ಥದ್ದು. ಕಟ್ಟಡ ಮುಗಿದಾಗ ದೀಪದ ಕೋಣೆಯ ಬಾಗಿಲಿನ ಮೇಲೆ ಕೆತ್ತಿಸಿದ್ದು 1759ರ ಆಗಸ್ಟ್ 24 ಎಂಬ ತಾರೀಖು ಮತ್ತು ದೇವರಿಗೆ ಸ್ತುತಿ ಎಂಬ ಎರಡು ಲ್ಯಾಟಿನ್ ಪದಗಳು. ತನ್ನ ಹೆಸರನ್ನು ಎಲ್ಲೂ ದೊಡ್ಡದಾಗಿ ಹಾಕಿಸಿಕೊಳ್ಳಲಿಲ್ಲ. ಶಂಕುಸ್ಥಾಪನೆಯ ಕಲ್ಲು ಕಾಮಗಾರಿಗಿಂತ ದೊಡ್ಡದಾಗಿರುವುದನ್ನು ನೋಡಿ ಬೇಸತ್ತವನು ನಾನು.

ದೀಪದ ಕೋಣೆಗೆ ಬಂದ ಮೇಲೆ ಕಿಟಕಿಗೆ ಮುಗಿಬೀಳುವ ಮುನ್ನ ದೀಪದ ಬಗ್ಗೆ ಯೋಚಿಸಿ. ಇಷ್ಟೆಲ್ಲ ಕಲ್ಲು ಹೊತ್ತು ನಿಂತದ್ದು 24 ಮೇಣದ ಬತ್ತಿಗಳಿಗಾಗಿ. ಆ ಕಾಲದ ಎಣ್ಣೆ ದೀಪಗಳು ಮಸಿ ಕಾರಿ ಗಾಜನ್ನು ಕಪ್ಪು ಮಾಡುತ್ತಿದ್ದವು. ಬತ್ತಿಯ ಕರಿಯನ್ನು ಆಗಾಗ ಕತ್ತರಿಸಬೇಕಿತ್ತು, ಅದನ್ನು ನೆನಪಿಸಲು ಅರ್ಧ ಗಂಟೆಗೊಮ್ಮೆ ಬಾರಿಸುವ ಗಡಿಯಾರವನ್ನು ಇಟ್ಟಿದ್ದರು. 1810ರಲ್ಲಿ ಬತ್ತಿಗಳ ಜಾಗಕ್ಕೆ ಪ್ರತಿಫಲಕಗಳಿದ್ದ ಎಣ್ಣೆ ದೀಪಗಳು ಬಂದವು. 1845ರಲ್ಲಿ ಪ್ಯಾರಿಸ್‌ನಿಂದ ಫ್ರೆನೆಲ್ ಮಾದರಿಯ ಮಸೂರ ಬಂತು. ದಪ್ಪ ಮಸೂರವನ್ನು ಉಂಗುರ ಉಂಗುರವಾಗಿ ಕತ್ತರಿಸಿ ತೆಳುವಾಗಿ ಜೋಡಿಸಿ, ಸುತ್ತ ಚೆಲ್ಲುವ ಬೆಳಕನ್ನೆಲ್ಲ ದಿಗಂತದ ಕಡೆಗೆ ಬಾಗಿಸುವ ಉಪಾಯ ಅದು. ಈಗ ನೀವು ಸಮುದ್ರ ನೋಡಬಹುದು.

ಕತ್ತಲಾದ ಮೇಲೆ ಇನ್ನೊಮ್ಮೆ

ರಾತ್ರಿ ಊರಿನಲ್ಲೇ ಉಳಿಯುವವರು ಊಟ ಮುಗಿಸಿ ಮತ್ತೆ ಗುಡ್ಡಕ್ಕೆ ಬನ್ನಿ. ಸಮುದ್ರದ ಮೇಲೆ ಹಡಗು, ದೋಣಿ, ತೇಲುಗುರುತುಗಳ ಹತ್ತಾರು ಬೆಳಕು ಇರುತ್ತವೆ. ಎಡ್ಡಿಸ್ಟೋನ್ ಯಾವುದು ಎಂದು ಗುರುತಿಸಲು ಕೈಗಡಿಯಾರ ಸಾಕು. ಬಿಳಿ ಬೆಳಕು ಎರಡು ಸಲ ಮಿಂಚಿ ಸುಮ್ಮನಾಗುತ್ತದೆ, ಒಂದು ಜೋಡಿಯಿಂದ ಮುಂದಿನ ಜೋಡಿಗೆ ಹತ್ತು ಸೆಕೆಂಡು. ಪ್ರತಿ ದೀಪಸ್ತಂಭಕ್ಕೂ ಇಂಥದೊಂದು ಸ್ವಂತ ಲಯವಿದೆ, ನಾವಿಕರು ನಕ್ಷೆಯಲ್ಲಿ ಅದನ್ನು ನೋಡಿಕೊಂಡು ತಾವೆಲ್ಲಿದ್ದೇವೆ ಎಂದು ಅರಿಯುತ್ತಾರೆ. ಕಾಪು, ಮಂಗಳೂರು ಕಡೆಯವರು ಊರಿಗೆ ಮರಳಿದ ಮೇಲೆ ತಮ್ಮ ದೀಪಸ್ತಂಭದ ಮುಂದೆ ನಿಂತು ಇದೇ ರೀತಿ ಎಣಿಸಿ ಬರೆದುಕೊಳ್ಳಬಹುದು. ಕಾಪುವಿನದು 1901ರದ್ದು, ಅದೂ ಬಂಡೆಯ ಮೇಲಿನದೇ. ಎಡ್ಡಿಸ್ಟೋನಿನಲ್ಲಿ ಈಗ ಯಾರೂ ಇರುವುದಿಲ್ಲ. 1980ರಲ್ಲಿ ದೀಪದ ಮೇಲೆ ಹೆಲಿಕಾಪ್ಟರ್ ಇಳಿಯುವ ಅಟ್ಟ ಕಟ್ಟಿದರು, 1982ರಲ್ಲಿ ಯಂತ್ರಕ್ಕೇ ಎಲ್ಲವನ್ನೂ ಒಪ್ಪಿಸಿ ಕಾವಲುಗಾರರು ದಡಕ್ಕೆ ಬಂದರು.

ನೆನಪಿಗೆ ಏನಾದರೂ ಕೊಳ್ಳಬೇಕೆಂದರೆ ಪ್ಲಾಸ್ಟಿಕ್ಕಿನ ಗೋಪುರಕ್ಕೆ ಹಣ ಹಾಕಬೇಡಿ. ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಭಾನುವಾರದ ಸಂತೆಗಳಲ್ಲಿ ಹಳೆಯ ತಾಮ್ರವರ್ಣದ ಪೆನ್ನಿ ನಾಣ್ಯಗಳನ್ನು ಡಬ್ಬಿಯಲ್ಲಿ ತುಂಬಿಟ್ಟಿರುತ್ತಾರೆ. ಹಿಂಬದಿಯಲ್ಲಿ ಈಟಿಯಂಥ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ, ಅವಳ ಎಡಗಡೆ ಸಮುದ್ರದಲ್ಲಿ ಒಂದು ಪುಟ್ಟ ದೀಪಸ್ತಂಭ. 1860ರಿಂದ 1894ರವರೆಗಿನವು ಸಿಕ್ಕಿದರೆ ಒಳ್ಳೆಯದು, ಸವೆದಿರುತ್ತವೆ, ಬೆಲೆಯೂ ಸ್ವಲ್ಪ ಹೆಚ್ಚು. 1937ರ ನಂತರದವು ಅಗ್ಗ, ದೀಪಸ್ತಂಭ ಸ್ಪಷ್ಟವಾಗಿರುತ್ತದೆ. ನಡುವಿನ ವರ್ಷಗಳ ನಾಣ್ಯವನ್ನು ಅಂಗಡಿಯವನು ಎಷ್ಟೇ ಹೊಗಳಿದರೂ ತೆಗೆದುಕೊಳ್ಳಬೇಡಿ, ಅವುಗಳಲ್ಲಿ ದೀಪಸ್ತಂಭ ಇಲ್ಲ.